ಅಚ್ಚಿಗೆ ಒಪ್ಪಿದ ಮುಖ

ಸತ್ತ ನಾಯಕರನ್ನು ಜನ ಮರೆಯಬಾರದೆಂದು ಸರ್ಕಾರ ಊರಿಗೊಬ್ಬ ತರುಣನಿಗೆ ಅವರ ಮುಖ ಕೂರಿಸುತ್ತಿತ್ತು. ನಾಯಕರು ಬದುಕಿದ್ದಾಗಲೇ ಮುಖಕ್ಕೆ ಪ್ಲಾಸ್ಟರ್ ಹಚ್ಚಿ ತೆಗೆದಿಟ್ಟ ಅಚ್ಚುಗಳಿದ್ದವು. ಯಾರ ಮುಖದ ಮೂಳೆ ಅಚ್ಚಿಗೆ ಒಪ್ಪುತ್ತದೋ ಅವನು ಆಸ್ಪತ್ರೆಗೆ ಹೋಗಲೇಬೇಕು. ಈ ಸಲ ನೀಲವ್ವನ ಮಗ ಈರಣ್ಣ ಹೋಗಿದ್ದ.

ಅವನು ಮರಳಿ ಬಂದಾಗ ರೊಟ್ಟಿ ಬಡಿಯುತ್ತಿದ್ದ ನೀಲವ್ವನ ಕೈ ನಿಂತುಹೋಯಿತು. ಬಾಗಿಲಲ್ಲಿದ್ದದ್ದು ಅಧ್ಯಕ್ಷ ವೀರಭದ್ರರಾಯರ ಮುಖ. ಗಿರಣಿಯ ಗೇಟಿನ ಮುಂದೆ ಅವಳ ಗಂಡನನ್ನು ಗುಂಡಿಕ್ಕಿ ಕೊಲ್ಲಿಸಿ, ಮರುದಿನ ನಗುತ್ತ ಭಾಷಣ ಮಾಡಿದವರ ಮುಖ.

“ಯವ್ವಾ, ನಾನವ್ವ. ಹೊಟ್ಟಿ ಹಸದೈತಿ,” ಎಂದ ಈರಣ್ಣ. ದನಿ ಮಾತ್ರ ಅವನದೇ.

“ಗೊತ್ತೈತಿ, ಬಾ,” ಎಂದು ಕರೆದು ಬಡಿಸಿದಳು. ಬಿಸಿ ರೊಟ್ಟಿಯ ರುಚಿಗೆ ಅವನು ನಕ್ಕ. ಅದೇ ನಗು. ತಡೆಯಲಾಗದೆ ನೀಲವ್ವ ಅವನ ಕೆನ್ನೆಗೆ ಬಾರಿಸಿದಳು.

ಈರಣ್ಣ ಕೂಸಿನಂತೆ ಅತ್ತುಬಿಟ್ಟ. “ನಾ ಏನ್ ಮಾಡೇನಿ ಯವ್ವಾ?”

“ನೀ ಏನೂ ಮಾಡಿಲ್ಲ, ನನ್ನಪ್ಪಾ,” ಎಂದಳು. ಅವಳಿಗೂ ಅಳು ಉಕ್ಕಿ ಬಂತು. ಆದರೆ ಆ ಮುಖ ಅಳುವುದನ್ನು ನೋಡಬೇಕೆಂದು ಗಂಡ ಸತ್ತಾಗಿನಿಂದ ಕಾದಿದ್ದಳು. ಮಗನ ಕಣ್ಣೀರು ಒರೆಸಿ, ಮತ್ತೆ ಕೈ ಎತ್ತಿದಳು.