ಹೊಗೆಯ ಉಪ್ಪು

ಗಾಜಿನ ಕೋಣೆಯೊಳಗೆ ಕೂತು ಸುಮಿತ್ರಾ ಕೈಯೆತ್ತಿದಳು. ಅವಳೇ ರೂಪಿಸಿದ ಕಾರಿನ ಹೊಗೆ ಕೊಳವೆಯಿಂದ ಒಳಬಂತು. ಕಾರು ಕಟ್ಟಿದವರೇ ಅದರ ಹೊಗೆಯನ್ನು ಮೊದಲು ಕುಡಿಯಬೇಕು, ಕೆಮ್ಮಿದರೆ ಆ ಕಾರು ಮಾರುವಂತಿಲ್ಲ ಎಂಬುದು ಕಾಯ್ದೆ. ಧಾರವಾಡದ ಕಾರ್ಖಾನೆಯವರಿಗೆ ಇದು ಅಡುಗೆಯ ಉಪ್ಪು ನೋಡಿದಷ್ಟೇ ಸಹಜ.

ಹಿಂದೆ ಎರಡು ಸಲ ಕೆಮ್ಮಿದ್ದಳು, ಎರಡು ಸಲವೂ ಎಂಜಿನ್ ಬಿಚ್ಚಿ ಮತ್ತೆ ಕಟ್ಟಿದ್ದಳು. ಆ ಛಲಕ್ಕೆ ಮಾರಾಟ ವಿಭಾಗದ ಇರ್ಷಾದ ಮನಸ್ಸಿನಲ್ಲೇ ಸಲಾಮು ಹೊಡೆದಿದ್ದ. ಅಷ್ಟರಲ್ಲಿ ಹೊರದೇಶದ ಅಗ್ಗದ ಕಾರುಗಳು ಪೇಟೆ ಹಿಡಿದಿದ್ದವು. ಈ ಸಲವೂ ಕೆಮ್ಮಿದರೆ ಕಾರ್ಖಾನೆಗೆ ಬೀಗ. ಅವಳ ಗಂಟಲು ಅಲುಗಿದ್ದು ಕಂಡು ಅವನು ಕಿಂಡಿಯಿಂದ ಮುಖಗವಸು ಚಾಚಿದ.

“ಈಗ ಕಾಯ್ದೆದಾಗ ಇದಕ್ಕೂ ಅವಕಾಶ ಐತ್ರಿ ಅಕ್ಕಾರ. ಹೊರದೇಶದವ್ರು ಹಾಕ್ಕೊಂಡೇ ಕೂಡ್ತಾರ.”

ಸುಮಿತ್ರಾ ಕಣ್ಣೀರು ಒರೆಸಿಕೊಂಡು ನಕ್ಕಳು. “ನನ್ನ ಕಾರಿನ ಹಿಂದ ಸೈಕಲ್ ಹೊಡಿಯೋರಿಗೂ ಒಂದೊಂದು ಕೊಡ್ತೀಯೇನಪಾ?”

“ಅವ್ರಿಗೆಲ್ಲಿಂದ ತರ್ಲಿರಿ?”

“ಹಂಗಾರ ನನಗೂ ಬ್ಯಾಡ.”