ಕುಣಿಯೊಳಗಿನ ಕಾಲು

ಏಳನೆಯ ಚಿತ್ರಕ್ಕೆ ದಾರ ಕಟ್ಟಿ ಗಿರಿಜವ್ವ ಮುಂದಿನದಕ್ಕೆ ಕೈಚಾಚಿದಳು. ಮಗಳು ವಿದ್ಯಾಶ್ರೀಯನ್ನು ಜೂನ್‌ನಿಂದ ಶಾಲೆ ಬಿಡಿಸಿ ಮಗ್ಗಕ್ಕೆ ಕೂಡಿಸುತ್ತೇವೆ ಎಂದು ಹೇಳಿಹೋಗಲು ಅವಳು ಗಜೇಂದ್ರಗಡದ ಈ ಮಿಷನ್ ಶಾಲೆಗೆ ಬಂದಿದ್ದಳು. ಸಿಸ್ಟರ್ ಲೂಸಿ ಅವಳನ್ನು ಮಕ್ಕಳ ಚಿತ್ರಪ್ರದರ್ಶನದ ಕೆಲಸಕ್ಕೆ ಹಚ್ಚಿದ್ದರು. "ನೇಕಾರರು ಹಾಕಿದ ಗಂಟು ಬಿಚ್ಚಂಗಿಲ್ಲ, ನೀವ ಕಟ್ರಿ. ಆಮ್ಯಾಲೆ ಮಾತಾಡೋಣು."

ಕೈಗೆ ಬಂದ ಚಿತ್ರದಲ್ಲಿ ಮುಖವೇ ಇರಲಿಲ್ಲ. ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯ ಕತ್ತಲಲ್ಲಿ ಎರಡು ಕಾಲು ತುಳಿಹಲಗೆಯ ಮೇಲಿದ್ದವು. ಹಿಮ್ಮಡಿ ಒಡೆದಿತ್ತು. ಬೆರಳಿಗೆ ಕಾಲುಂಗುರದ ಬದಲು ಕೆಂಪು ನೂಲು ಸುತ್ತಿತ್ತು. ನೇಯುವಾಗ ಉಂಗುರ ತುಳಿಹಲಗೆಯ ಹಗ್ಗಕ್ಕೆ ಸಿಕ್ಕುತ್ತದೆಂದು ಗಿರಿಜವ್ವ ದಿನಾ ಅದನ್ನು ತೆಗೆದಿಟ್ಟು ನೂಲು ಸುತ್ತಿಕೊಳ್ಳುತ್ತಿದ್ದಳು. ಗಂಡ ಕೂಡ ಅದನ್ನು ಗಮನಿಸಿರಲಿಲ್ಲ.

"ಅಯ್ಯ, ಯಾರ ಕಾಲವ್ವಾ ಇವು? ಮಾರಿ ತಗಿಯೂದು ಮರ್ತೇನು?" ಪಕ್ಕದಲ್ಲಿ ಕಾಗದ ಅಂಟಿಸುತ್ತಿದ್ದ ಇನ್ನೊಬ್ಬ ತಾಯಿ ನಕ್ಕಳು.

"ನಮ್ಮವ್ವನ್ವು," ಎಂದಳು ಅಲ್ಲೇ ನೆಲದ ಮೇಲೆ ಬಣ್ಣದ ಡಬ್ಬಿ ಜೋಡಿಸುತ್ತಿದ್ದ ವಿದ್ಯಾಶ್ರೀ, ತಲೆಯೆತ್ತದೆ. "ಮಾರಿ ಎಲ್ಲಾರೂ ನೋಡ್ತಾರ. ಕುಣಿಯಾಗ ಇಣುಕಿ ನೋಡಿದಾಕಿ ನಾನೊಬ್ಬಾಕಿ."

ಗಿರಿಜವ್ವ ಸೀರೆಯ ಅಂಚನ್ನು ಕೆಳಗೆಳೆದು ಪಾದ ಮುಚ್ಚಿಕೊಂಡಳು. ಆಮೇಲೆ, ಯಾಕೋ, ಅಂಚನ್ನು ಬಿಟ್ಟಳು. ಆ ಚಿತ್ರಕ್ಕೆ ಎರಡೆರಡು ಗಂಟು ಹಾಕಿ, ಬಾಗಿಲಿಗೆ ಎದುರಾಗುವ ಮೊಳೆಗೆ ತೂಗುಹಾಕಿದಳು.

ಸಿಸ್ಟರ್ ಬಂದು ಕೇಳಿದರು, "ಏನೋ ಹೇಳೂದೈತಿ ಅಂದಿದ್ರಲ್ಲಾ?"

"ಏನಿಲ್ರಿ. ಇನ್ನೂ ಚಿತ್ರ ಉಳದಾವೇನ್ರಿ?" ಎಂದು ಗಿರಿಜವ್ವ ದಾರವನ್ನು ಹಲ್ಲಿನಿಂದ ಕಡಿದಳು. ಆ ಕುಣಿಗೆ ತನ್ನ ಎರಡು ಕಾಲೇ ಸಾಕು ಎಂದು ಅವಳು ಒಳಗೇ ನಿಶ್ಚಯಿಸಿಬಿಟ್ಟಿದ್ದಳು.