ದೊಡ್ಡಪ್ಪ ಕಾರಿಗೆ ಬೆಲೆ ಕಟ್ಟಿದ್ದು

ಪೆಟ್ರೋಲ್ ವಾಸನೆ ಬಂದರೆ ಈಗಲೂ ನನಗೆ ಚಿಕ್ಕ ಹುಡುಗಿಯಾಗಿದ್ದಾಗ ನಮ್ಮೂರು ಬೂದಿಗೆರೆಯಲ್ಲಿ ಕಂಡ ಆ ಮಧ್ಯಾಹ್ನ ನೆನಪಾಗುತ್ತದೆ. ಇಂಜಿನ್ ಕಾದು ಒಂದು ಕೆಂಪು ರೇಸ್ ಕಾರು ನೀರಿಗಾಗಿ ನಮ್ಮ ಬಾವಿಯ ಹತ್ತಿರ ನಿಂತಿತು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದಂತೆ. ಘಾಟಿಯ ದನಗಳ ಜಾತ್ರೆಯಲ್ಲಿ ಎತ್ತಿಗೆ ಬೆಲೆ ಕಟ್ಟುವುದರಲ್ಲಿ ನಮ್ಮ ದೊಡ್ಡಪ್ಪನನ್ನು ಮೀರಿಸಿದವರಿರಲಿಲ್ಲ. ಅವರು ಕಾರಿನ ಸುತ್ತ ಬಂದು, ಬಿಸಿ ಬಾನೆಟ್ಟನ್ನು ಎತ್ತಿನ ಬೆನ್ನಿನಂತೆ ಸವರಿ, "ಮೂರು ಸಾವಿರ" ಎಂದರು. ಊರವರೆಲ್ಲ ಹೌದೌದೆಂದರು.

ಕಾರಿನ ಯಜಮಾನರು ನಕ್ಕರು. "ಸುಂಕ, ಹಡಗಿನ ಬಾಡಿಗೆ ಎಲ್ಲಾ ಸೇರಿ ಹನ್ನೆರಡು ಸಾವಿರ ಆಯ್ತು, ಗೌಡ್ರೇ."

ದೊಡ್ಡಪ್ಪನಿಗೆ ಅವಮಾನವಾಯಿತೆಂದು ನಾನು ಹೆದರಿದೆ. ಅವರು ಮಾತ್ರ ಕಾರು ಧೂಳೆಬ್ಬಿಸಿ ಮರೆಯಾಗುವವರೆಗೂ ನೋಡುತ್ತಾ ನಿಂತು, ಮುಖವರಳಿಸಿ ನನ್ನ ಕಡೆ ತಿರುಗಿದರು.

"ನನ್ ಕೈಲಿ ಬೆಲೆ ಕಟ್ಟಕ್ಕಾಗ್ದೇ ಇರೋದೂ ಒಂದೈತೆ ಕಣವ್ವಾ!"